ನಾನು ಆಚೆ ಹೋದಾಗ ಬಿದ್ದ ವಿಕೆಟ್ಟುಗಳು

ಕಾಲ್ಗುಣ ಎನ್ನುವುದನ್ನು ನಮ್ಮ ಕಡೆ ನಂಬದವರಿಲ್ಲ. ಸೊಸೆ ಬಂದ ವರ್ಷ ಕಬ್ಬು ಚೆನ್ನಾಗಿ ಬಂದರೆ ಅದು ಸೊಸೆಯ ಕಾಲ್ಗುಣ. ಹಸು ಕೊಂಡು ತಂದ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರೆ ಅದು ಹಸುವಿನ ಕಾಲ್ಗುಣ. ಒಳ್ಳೆಯ ಕಾಲ್ಗುಣದವರನ್ನು ಕರೆಕರೆದು ಒಳಗೆ ಕೂರಿಸುತ್ತಾರೆ, ಕೆಟ್ಟದ್ದಿರುವವರನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತಾರೆ. ನನ್ನದು ಈ ಎರಡಕ್ಕೂ ಸೇರದ ಪೈಕಿ. ನನ್ನ ಕಾಲು ಹೊಸ್ತಿಲಿನಿಂದ ಆಚೆ ಬಿದ್ದರೆ ಮಾತ್ರ ಮನೆಗೆ ಒಳ್ಳೆಯದು. ಮದ್ದೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಹೇಳಿಕೊಂಡು ಬಂದಿರುವ ನಾನು ಇಂಥದ್ದನ್ನು ನನ್ನ ಕೈಯಾರೆ ಬರೆಯಬೇಕಾಗಿ ಬಂದಿದೆಯಲ್ಲ, ಇದಕ್ಕಿಂತ ದರಿದ್ರ ಇನ್ನೇನು ಬೇಕು?

ವಿಷಯ ಇಷ್ಟೇ. ಕಿರುಗಾವಲಿನಲ್ಲಿರುವ ನನ್ನ ಅಕ್ಕ ಜಯಕ್ಕನ ಮಗ ಕೆಂಪರಾಜು ಹನ್ನೊಂದು ವರ್ಷ ದೇಶದ ತಂಡದಲ್ಲಿ ವೇಗದ ಬೌಲರ್ ಆಗಿದ್ದ. ಪರದೇಶದ ಕಾಮೆಂಟರಿಯವರು ಅವನನ್ನು 'ಕ್ಯಾಂಪ್ ರಾಜ್' ಎಂದು ಕರೆದು ಕೊಂಡಾಡಿದರು. ಅವನು ಬೌಲಿಂಗ್ ಮಾಡುವುದನ್ನು ಲೋಕವೆಲ್ಲ ನೋಡಿತು. ನೋಡದೆ ಉಳಿದವನು ಅವನ ಸ್ವಂತ ಸೋದರಮಾವನಾದ ನಾನೊಬ್ಬ. ಹೈಸ್ಕೂಲಿನ ಮೂರು ವರ್ಷ ಅವನು ಇದ್ದದ್ದು ನಮ್ಮ ಮನೆಯಲ್ಲೇ. ಸಂಜೆ ಹೊತ್ತು ಬೀದಿಯಲ್ಲಿ ಸೀಮೆಎಣ್ಣೆ ಡಬ್ಬ ನಿಲ್ಲಿಸಿ, ಅದರ ಮುಂದೆ ನನ್ನನ್ನು ಬ್ಯಾಟು ಹಿಡಿಸಿ ನಿಲ್ಲಿಸುತ್ತಿದ್ದ. ಅವನ ಚೆಂಡು ಬಡಿದು ಊದಿಕೊಂಡ ಮೊದಲ ಮೊಣಕಾಲು ನನ್ನದು. ಹಾಗಾಗಿ ನನಗೆ ಇದ್ದದ್ದು ಒಂದೇ ಆಸೆ. ಅವನು ದೇಶಕ್ಕಾಗಿ ಓಡಿ ಬಂದು ಹಾಕುವ ಒಂದು ಬಾಲನ್ನು ನೆಮ್ಮದಿಯಾಗಿ ಕೂತು ನೋಡಬೇಕು. ಓವರ್ ಕೂಡ ಬೇಡ, ಒಂದು ಬಾಲು ಸಾಕು.

ಇದಕ್ಕೆ ಕಲ್ಲು ಬಿದ್ದದ್ದು ಮಂಡ್ಯದಲ್ಲಿ. ಜಿಲ್ಲಾ ತಂಡದ ಆಯ್ಕೆಗೆಂದು ಒಂದು ಮ್ಯಾಚು ನಡೆದಿತ್ತು. ನಾನೂ ಅಕ್ಕನೂ ಹೋಗಿ ಮರದ ಕೆಳಗೆ ಕೂತೆವು. ಕೆಂಪ ಎಷ್ಟು ಹೊತ್ತು ಹಾಕಿದರೂ ಚೆಂಡು ಬೌಂಡರಿಗೇ ಹೋಗುತ್ತಿತ್ತು. ನನಗೆ ನೋಡಲಾಗದೆ ಎದ್ದು ಗೇಟಿನ ಹೊರಗೆ ಕಬ್ಬಿನ ಹಾಲು ಕುಡಿಯಲು ಹೋದೆ. ಲೋಟ ಬಾಯಿಗಿಟ್ಟೆನೋ ಇಲ್ಲವೋ, ಒಳಗೆ ಹೋ ಎಂದು ಕೂಗಿದರು. ವಿಕೆಟ್! ಓಡಿ ಬಂದು ಕೂತೆ. ಮತ್ತೆ ಬೌಂಡರಿ. ಬೇಜಾರಾಗಿ ಮತ್ತೆ ಎದ್ದು ಹೋದೆ, ಮತ್ತೆ ವಿಕೆಟ್. ಅಕ್ಕ ಅನುಮಾನದಿಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಲೋ ತಮ್ಮ, ನೀನು ಎದ್ದೋದಾಗ್ಲೇ ಬೀಳ್ತಾವೆ ಕಣ್ಲಾ. ಇನ್ನೊಂದ್ ಲೋಟ ಕುಡ್ಕೊಂಡ್ ಬಾ ಓಗು."

"ಅಕ್ಕ, ಅದು ಕಾಕತಾಳೀಯ."

"ಅದ್ಯಾವ ತಾಳಿನೋ ನಂಗೊತ್ತಿಲ್ಲ. ಎದ್ದೋಗ್ಲಾ ಮೊದ್ಲು!"

ಅವತ್ತು ಒಟ್ಟು ನಾಲ್ಕು ವಿಕೆಟ್, ನಾಲ್ಕು ಲೋಟ. ಕೆಂಪ ಜಿಲ್ಲಾ ತಂಡಕ್ಕೆ ಆಯ್ಕೆಯಾದ, ನಾನು ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆ.

ಆಮೇಲೆ ಅವನು ರಾಜ್ಯಕ್ಕೆ ಆಡಿ, ದೇಶದ ತಂಡಕ್ಕೂ ಸೇರಿದ. ಮೊದಲ ಮ್ಯಾಚಿನ ದಿನ ನಾನು ರಜೆ ಹಾಕಿ, ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಟೀವಿ ಮುಂದೆ ಕೂತೆ. ಕೆಂಪನ ಕೈಗೆ ಚೆಂಡು ಕೊಟ್ಟರು. ಅವನು ಗುರುತು ಹಾಕಿಕೊಂಡು ಈ ಕಡೆ ತಿರುಗಿದ. ನನ್ನ ಕಣ್ಣಲ್ಲಿ ಆಗಲೇ ನೀರು. ಅಷ್ಟರಲ್ಲಿ ಹಿಂದಿನಿಂದ ನಮ್ಮ ಅವ್ವನ ದನಿ ಬಂತು. "ಸುನಂದಾ, ನಿನ್ ಗಂಡನ್ನ ಒಸಿ ಅಡ್ಗೆಮನೆಗೆ ಕಳ್ಸವ್ವ. ಮೊದಲ್ನೇ ದಿನ, ಕೂಸಿಗೆ ಯಾತಕ್ಕೆ ತೊಂದ್ರೆ?" ನನ್ನ ಹೆಂಡತಿ ಸುನಂದಾ ಬಿ.ಎಸ್ಸಿ. ಓದಿದವಳು. ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡರೆ, "ಏಳ್ರೀ, ಒಂದು ಓವರ್ ತಾನೇ, ಅಷ್ಟರಲ್ಲಿ ಅವರೆಕಾಯಿ ಸುಲಿದುಬಿಡಿ" ಅಂದಳು. ನಾನು ಅಡುಗೆಮನೆಯಲ್ಲಿದ್ದಾಗ ರನ್ ಕೊಡಲಿಲ್ಲವಂತೆ. ಹಿತ್ತಲಿಗೆ ಅಟ್ಟಿದರು, ಒಂದು ವಿಕೆಟ್ ಬಿತ್ತಂತೆ. ಬೀದಿಯ ಕೊನೆಯವರೆಗೆ ಹೋದಾಗ ಇನ್ನೆರಡು. ದೂರ ಹೆಚ್ಚಿದಷ್ಟೂ ವಿಕೆಟ್ ಹೆಚ್ಚು ಎಂಬ ನಿಯಮವೊಂದು ಆ ಒಂದೇ ದಿನದಲ್ಲಿ ನಮ್ಮ ಮನೆಯಲ್ಲಿ ಸಿದ್ಧವಾಯಿತು. ನಾನು ತರಗತಿಯಲ್ಲಿ ಗಂಟಲು ಹರಿದುಕೊಂಡು ಹೇಳುವ ಯಾವ ನಿಯಮವೂ ಯಾರಿಗೂ ಇಷ್ಟು ಬೇಗ ಅರ್ಥವಾದದ್ದಿಲ್ಲ.

ಅವನು ಮೊದಲ ಸಲ ಐದು ವಿಕೆಟ್ ತೆಗೆದ ದಿನ ನಾನು ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿ ಹೊಳೆ ದಂಡೆಯಲ್ಲಿ ಸುಮ್ಮನೆ ಕೂತಿದ್ದೆ. ಅದೇ ತಪ್ಪಾಯಿತು. ಆಮೇಲೆ ಟೆಸ್ಟ್ ಮ್ಯಾಚ್ ಎಂದರೆ ನನಗೆ ಐದು ದಿನದ ವನವಾಸ. ಶಾಲೆ ಇದ್ದ ದಿನ ಬಚಾವು. ಭಾನುವಾರವೋ ಹಬ್ಬವೋ ಆದರೆ ಬುತ್ತಿ ಕಟ್ಟಿಕೊಟ್ಟು ಕಳಿಸುತ್ತಿದ್ದರು. ಕೈಯಲ್ಲಿ ಛತ್ರಿ, ಬುತ್ತಿ ಹಿಡಿದು ನಾನು ಬೀದಿಯಲ್ಲಿ ಹೋಗುವುದು ಕಂಡರೆ ಸಾಕು, ಜನ ಮನೆಯೊಳಗೆ ಓಡಿ ಟೀವಿ ಹಾಕುತ್ತಿದ್ದರು. "ಮೇಷ್ಟ್ರೇ, ಬೌಲಿಂಗ್ ಸುರುವಾಯ್ತಾ?" ಎಂದು ಸೈಕಲ್ಲಿನವರು ನಿಲ್ಲಿಸಿ ಕೇಳುತ್ತಿದ್ದರು. ಒಂದು ಸಲ ಕಳ್ಳಬುದ್ಧಿಯಿಂದ ಪುಟ್ಟಸ್ವಾಮಿಯ ಟೀ ಅಂಗಡಿಗೆ ನುಗ್ಗಿದೆ. ಅಲ್ಲಿ ಟೀವಿ ಇತ್ತು. ಒಂದು ಕಾಲು ಒಳಗಿಟ್ಟಿದ್ದೆ ಅಷ್ಟೇ, ಒಳಗಿದ್ದವರೆಲ್ಲ ಒಟ್ಟಿಗೆ ಎದ್ದರು.

"ಅಯ್ಯಯ್ಯೋ, ಬ್ಯಾಡಿ ಮೇಷ್ಟ್ರೇ, ನಿಮ್ ದಮ್ಮಯ್ಯ!" ಎಂದ ಪುಟ್ಟಸ್ವಾಮಿ. "ಟೀ ಕೈಗೇ ತಂದ್ಕೊಡ್ತೀನಿ, ಒಸಿ ಆ ಮರದ್ ತಾವ್ಕೆ ಓಗಿ ಕುಡೀರಿ. ಊರಿನ ಮರ್ವಾದೆ ಪ್ರಶ್ನೆ ಕಣ್ ಸ್ವಾಮಿ."

ಊರಿನ ಮರ್ಯಾದೆ ಉಳಿಸಲು ನಾನು ಹುಣಸೆ ಮರದ ಕೆಳಗೆ ನಿಂತು ಟೀ ಕುಡಿದೆ. ಇದರಲ್ಲಿ ಇನ್ನೂ ಒಂದು ಅವಮಾನವಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮವರು ಬ್ಯಾಟ್ ಮಾಡುವಾಗ ನನ್ನನ್ನು ಹುಡುಕಿಕೊಂಡು ಬಂದು ಎಳೆದೊಯ್ದು ಟೀವಿಯ ಎದುರಿಗೇ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಎದುರು ತಂಡದ ಬೌಲರುಗಳನ್ನು ನಾನು ದುರುಗುಟ್ಟಿ ನೋಡಬೇಕು. ರೆಪ್ಪೆ ಮಿಟುಕಿಸಿದರೆ ಅವ್ವ ಬೆನ್ನಿಗೆ ತಿವಿಯುತ್ತಿದ್ದಳು. ಹೀಗಾಗಿ ಪ್ರಪಂಚದ ಸಕಲ ವೇಗದ ಬೌಲರುಗಳ ಓಟ, ನೆಗೆತ, ಮಣಿಕಟ್ಟಿನ ತಿರುವು, ಯಾರ ಬೂಟಿನ ಲೇಸು ಬಿಚ್ಚಿಕೊಳ್ಳುತ್ತದೆ ಎಂಬುದು ಕೂಡ ನನಗೆ ಬಾಯಿಪಾಠ. ದೇಶಕ್ಕೆ ಆಡುವಾಗ ನಮ್ಮ ಕೆಂಪ ಬಲಗಾಲು ಮುಂದಿಡುತ್ತಾನೋ ಎಡಗಾಲೋ ಎಂದು ಕೇಳಿ, ಗೊತ್ತಿಲ್ಲ.

ಮುಗಿದುಹೋದ ಆಟವನ್ನಾದರೂ ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದೆ. ಬಿದ್ದ ವಿಕೆಟ್ ಎದ್ದು ನಿಲ್ಲುವುದಿಲ್ಲವಲ್ಲ! ಒಂದು ದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಮೊಬೈಲು ತೆಗೆದು ಹಿಂದಿನ ದಿನದ ಆಟ ಹಾಕಿದೆ. ಅವನು ಎರಡು ಹೆಜ್ಜೆ ಓಡಿದ, ಅಷ್ಟರಲ್ಲಿ ಬೆಲ್ಲು ಹೊಡೆಯಿತು, ನಾನು ಮೊಬೈಲು ಜೇಬಿಗೆ ಹಾಕಿದೆ. ಆ ಸಂಜೆಯೇ ಸುದ್ದಿ ಬಂತು. ಕೆಂಪನ ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಎಂಟು ತಿಂಗಳು ಆಡುವ ಹಾಗಿಲ್ಲ. ವೇಗದ ಬೌಲರುಗಳಿಗೆ ಇದು ಮಾಮೂಲು, ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ ಎಂದು ಡಾಕ್ಟರು ಹೇಳಿದರು. ನನಗೂ ಗೊತ್ತು, ಬಲ ಮತ್ತು ಒತ್ತಡದ ಪಾಠ ನಾನೇ ಮಾಡುತ್ತೇನೆ. ಆದರೂ ಆ ಎರಡು ಹೆಜ್ಜೆಯ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಆ ಎಂಟು ತಿಂಗಳು ಅಕ್ಕನ ಮುಖ ನೋಡುವುದಕ್ಕೇ ನನಗೆ ಹೆದರಿಕೆಯಾಗುತ್ತಿತ್ತು.

ಸೊಂಟ ಸರಿಹೋಯಿತು, ಆಮೇಲೆ ಮಂಡಿ ಹಿಡಿಯಿತು. ತಂಡಕ್ಕೆ ತೆಗೆದುಕೊಂಡರು, ಬಿಟ್ಟರು, ಮತ್ತೆ ತೆಗೆದುಕೊಂಡರು. ಕೊನೆಗೊಂದು ದಿನ ಬೆಂಗಳೂರಿನ ಮ್ಯಾಚೇ ತನ್ನ ಕೊನೆಯದು ಎಂದು ಅವನೇ ಹೇಳಿಬಿಟ್ಟ. ಆ ವಾರ ನನಗೆ ಫೋನು ಮಾಡಿದ.

"ಮಾವ, ಈ ಸಲ ನೀವು ಬರ್ಲೇಬೇಕು. ಊರೋರೆಲ್ಲ ಬಂದು ನೋಡವ್ರೆ, ನೀವೊಬ್ರು ಬಂದಿಲ್ಲ. ನನ್ ಮೇಲೆ ಏನಾರ ಬೇಜಾರಿದ್ಯಾ?"

ಅವನಿಗೆ ಇದೊಂದೂ ಗೊತ್ತಿರಲಿಲ್ಲ. ಆಡುವ ಹುಡುಗನ ತಲೆಗೆ ಇದನ್ನೆಲ್ಲ ತುಂಬಬಾರದೆಂದು ಮನೆಯವರು ಮುಚ್ಚಿಟ್ಟಿದ್ದರು. ಹನ್ನೊಂದು ವರ್ಷ ಅವನು ಮಾವನಿಗೆ ತನ್ನ ಮೇಲೆ ಸಿಟ್ಟು ಅಂದುಕೊಂಡೇ ಓಡಿ ಬಂದು ಬೌಲಿಂಗ್ ಮಾಡಿದ್ದಾನೆ! ನನಗೆ ಫೋನು ಹಿಡಿದುಕೊಂಡೇ ಅಳು ಬಂತು. ಆದರೆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. "ಕೊನೇದಲ್ವಾ, ಓಗಿ ಕಣ್ತುಂಬ ನೋಡ್ಕೊಂಡ್ ಬರ್ಲಿ ಬುಡು" ಎಂದಳು ಅವ್ವ. "ಪಾಪ, ಎಷ್ಟು ವರ್ಸ ಬೀದಿ ಬೀದಿ ಅಲ್ದವ್ನೆ."

ಮ್ಯಾಚಿನ ದಿನ ಅಕ್ಕ ನನ್ನ ಪಕ್ಕದಲ್ಲೇ ಕೂತಳು. "ವಿಕೆಟ್ ಬೀಳ್ದಿದ್ರೂ ಪರ್ವಾಗಿಲ್ಲ ಕಣ್ಲಾ ತಮ್ಮ, ನೀನ್ ನೋಡು" ಎಂದು ನನ್ನ ಕೈ ಹಿಡಿದುಕೊಂಡಳು. ಮಧ್ಯಾಹ್ನ ಕೆಂಪನಿಗೆ ಚೆಂಡು ಕೊಟ್ಟರು. ಮಂಡಿಗೆ ದಪ್ಪ ಪಟ್ಟಿ ಸುತ್ತಿಕೊಂಡು, ಸಣ್ಣಗೆ ಕುಂಟುತ್ತಾ ತನ್ನ ಗುರುತಿನವರೆಗೆ ನಡೆದು ಹೋದ. ಅಲ್ಲಿಂದ ತಿರುಗಿ, ನಾವು ಕೂತ ಕಡೆ ಹುಡುಕಿ, ನನ್ನನ್ನು ಕಂಡು ಕೈ ಎತ್ತಿದ. ನಾನೂ ಕೈ ಎತ್ತಿದೆ. ಇದು ಇವನ ಕೊನೆಯ ಆಟ. ಒಂದು ವಿಕೆಟ್ಟೂ ಸಿಗದೆ ಇವನು ಕುಂಟಿಕೊಂಡು ಮನೆಗೆ ಹೋದರೆ? ಆ ಮಂಡಿ ಇಲ್ಲೇ, ನನ್ನ ಕಣ್ಣೆದುರಿಗೇ ಮುರಿದರೆ? ನಾನು ಎದ್ದುಬಿಟ್ಟೆ.

"ಎಲ್ಲಿಗ್ಲಾ?" ಎಂದಳು ಅಕ್ಕ.

"ಬಾತ್‌ರೂಮು."

"ಈಗ್ಲಾ?!"

ಅವಳ ಕೈ ಬಿಡಿಸಿಕೊಂಡು ಮೆಟ್ಟಿಲು ಇಳಿದು ಓಡಿದೆ. ಕೆಳಗೆ ನೀರಿನ ಕ್ಯಾನುಗಳನ್ನು ಪೇರಿಸಿದ್ದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತೆ. ತಲೆಯ ಮೇಲಿನ ಕಾಂಕ್ರೀಟೆಲ್ಲ ಅದುರುವಂತೆ ಜನ ಕೂಗಿದರು. ಕಾವಲಿಗಿದ್ದ ಪೊಲೀಸಿನವನು ಕುಣಿಯುತ್ತಾ ಬಂದು, "ಸ್ಟಂಪೇ ಮುರ್ದೋಯ್ತು ಸಾರ್! ನೋಡ್ಲಿಲ್ವಾ?" ಎಂದ. ಆಮೇಲೆ ಅವನ ಬೌಲಿಂಗ್ ಮುಗಿಯುವವರೆಗೂ ನಾನು ಅಲ್ಲಿಂದ ಅಲುಗಾಡಲಿಲ್ಲ. ಇನ್ನೂ ಎರಡು ಬಿದ್ದವು.

ಸಂಜೆ ಅವನು ಇಳಿದುಕೊಂಡಿದ್ದ ಕೋಣೆಗೆ ಹೋದೆವು. ಮಂಡಿಯ ಮೇಲೆ ಐಸು ಇಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡದ್ದೇ ಮುಖ ಅರಳಿತು.

"ನೋಡಿದ್ರಾ ಮಾವ?"

"ನೋಡ್ದೆ ಕಣಪ್ಪ."

"ಮಂಡಿ ಕಿತ್ ಬತ್ತಿತ್ತು. ಡಾಕ್ಟ್ರು ಮೆಲ್ಲಗೆ ಹಾಕು ಅಂದಿದ್ರು. ಮಾವ ಮೊದಲ್ನೇ ಸಲ ನೋಡ್ತಾವ್ರೆ, ಓಗ್ಲಿ ಅತ್ಲಾಗೆ ಅಂತ ಜೀವ ಬಿಟ್ಟು ಹಾಕ್ದೆ."

ಅಕ್ಕ ನನ್ನ ಮುಖ ನೋಡಿದಳು. "ಚೆನ್ನಾಗಿತ್ತು ಕಣಪ್ಪ" ಎಂದೆ ನಾನು. ಹನ್ನೊಂದು ವರ್ಷ ಅವ್ವನನ್ನು, ಅಕ್ಕನನ್ನು, ಹೆಂಡತಿಯನ್ನು, ಟೀ ಅಂಗಡಿಯವನನ್ನು ಮನಸಾರೆ ಬೈದುಕೊಂಡು ಬಂದವನು ನಾನು. ಅವತ್ತು ಮದ್ದೂರಿಗೆ ವಾಪಸು ಬರುವ ದಾರಿಯುದ್ದಕ್ಕೂ ಹುಡುಕಿದೆ, ಬೈಯಲು ನನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ.