ಭಾವ ಹಳೇ ಕಾರು ನೋಡಿದ್ದು

ನಮ್ಮ ಭಾವ ನಮ್ಮ ಅಕ್ಕನನ್ನು ನೋಡಿ ಒಪ್ಪಿಕೊಂಡಿದ್ದು ಒಂದು ಲೋಟ ಕಾಫಿ ಆರೋದರೊಳಗೆ. ಅದೇ ಮನುಷ್ಯ ಒಂದು ಹಳೇ ಕಾರು ಒಪ್ಪಿಕೊಳ್ಳೋಕೆ ಒಂದೂವರೆ ತಿಂಗಳು ತಗೊಂಡ. ಕಾರು ತೋರಿಸಿದೋರೆಲ್ಲ ಪಾಪ ಅವನಿಗೂ ಕಾಫಿ ಕೊಟ್ಟರು. ಎಲ್ಲ ಸೇರಿಸಿದ್ರೆ ಒಂದು ಹಂಡೆ ಆಗುತ್ತೆ!

ಕಾರು ಶೋಕಿಗೆ ಬೇಕಾಗಿರಲಿಲ್ಲ. ಅಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ದಿನಾ ಚಿಕ್ಕಬಳ್ಳಾಪುರಕ್ಕೆ ಕರಕೊಂಡು ಬಂದು ವ್ಯಾಯಾಮ ಮಾಡಿಸಿ, ತಡ ಮಾಡಿದರೆ ಕೈ ಹಂಗೇ ಬಿಗಿದುಕೊಳ್ಳುತ್ತೆ ಅಂದಿದ್ದರು ಡಾಕ್ಟರು. ಜಂಗಮಕೋಟೆಯಿಂದ ದಿನಾ ಬಸ್ಸು ಹತ್ತೋದು ಅವಳ ಕೈಲಿ ಆಗುತ್ತಾ? ಬಾಡಿಗೆ ಕಾರಲ್ಲಿ ಎರಡು ದಿನ ಹೋದಳು, ಎರಡು ದಿನವೂ ವಾಂತಿ. ಮೂರನೇ ದಿನ ಹೊಸ್ತಿಲು ದಾಟಲಿಲ್ಲ. ಅವಳ ಬಾಯಿಗೇನೂ ಆಗಿರಲಿಲ್ಲ, ಮಾತು ತಾನೇ ನಿಲ್ಲಿಸಿದ್ದಳು. ಏನು ಕೇಳಿದರೂ ಹೂಂ, ಇಲ್ಲಾ ಉಹೂಂ. ಕಾರು ಅಂದರೆ ಬರೀ ಉಹೂಂ.

ಸರಿ, ಒಂದು ಸ್ವಂತದ ಕಾರು ತಗೊಳ್ಳೋದು ಅಂತ ಆಯ್ತು. ಹಿಂದೆ ಡಿಕ್ಕಿ ಇರೋ ಉದ್ದನೇದು, ಗಾಲಿ ಕುರ್ಚಿ ಮಡಚಿ ಇಡೋಕೆ. ಹತ್ತು ಹನ್ನೆರಡು ವರ್ಷದ್ದಾದರೂ ಪರವಾಗಿಲ್ಲ. ಭಾವನಿಗೆ ಓಡಿಸೋಕೆ ಚೆನ್ನಾಗಿ ಬರುತ್ತೆ, ಮೂವತ್ತು ವರ್ಷ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡಿನ ಟೆಂಪೋ ಓಡಿಸಿದವನು. ಕಾರು ನೋಡೋಕೆ ಬರಲ್ಲ. ಅವನು ಜನ್ಮದಲ್ಲಿ ನೋಡಿದ್ದು ರೇಷ್ಮೆ ಹುಳ ಒಂದನ್ನೇ, ಕಾರನ್ನೂ ಹಂಗೇ ನೋಡಿದ! ಜೊತೆಗೆ ನನ್ನನ್ನೂ ಎಳಕೊಂಡು ಹೋಗೋನು. ಯಾಕೆ ಅಂತೀರ? ನಾನೂ ಅಕ್ಕನೂ ಒಂದೇ ತೂಕವಂತೆ. ಹಿಂದಿನ ಸೀಟಲ್ಲಿ ಕೂರೋದೇ ನನ್ನ ಕೆಲಸ.

ಮೊದಲನೇದು ಚಿಂತಾಮಣಿಯಲ್ಲಿ. ಬಿಳೀ ಕಾರು, ಮುಖ ನೋಡ್ಕೋಬಹುದು ಹಂಗೆ ಹೊಳೀತಿತ್ತು. ಭಾವ ಚಪ್ಪಲಿ ಬಿಟ್ಟು, ಬಾಟಲಿ ನೀರಲ್ಲಿ ಕಾಲು ತೊಳಕೊಂಡ. ರೇಷ್ಮೆ ಹುಳ ಸಾಕೋ ಮನೆಗೆ ಹಂಗೇ ಕಾಲು ತೊಳಕೊಂಡು ಹೋಗೋ ಅಭ್ಯಾಸ. ಬ್ರೋಕರು ದೊಡ್ಡ ಭಕ್ತ ಅಂದುಕೊಂಡು ಕೈ ಮುಗಿದು ನಿಂತ. ಭಾವ ಬಾಗಿಲು ತೆಗೆದು ತಲೆ ಒಳಗೆ ಹಾಕಿದವನು ಹಾವು ಕಂಡೋನ ಹಂಗೆ ಈಚೆಗೆ ಬಂದ. ಒಳಗೆ ಸೆಂಟಿನ ಶೀಶೆ ಇಟ್ಟಿದ್ದರು. ಹುಳದ ಮನೇಲಿ ಊದುಬತ್ತಿ ವಾಸನೆ ಕೂಡ ಆಗಲ್ಲ. ಹುಳ ಸಾಕಿದಷ್ಟು ವರ್ಷ ಅಕ್ಕ ಮುಖಕ್ಕೆ ಪೌಡರು ಮುಟ್ಟಿಸಿಲ್ಲ.

"ಇಂಥ ವಾಸನೆಗೆ ಹುಳ ಒಂದೂ ಉಳಿಯಲ್ಲ ಕಣಪ್ಪ," ಅಂದ ಭಾವ.

"ಕಾರಲ್ಲಿ ಹುಳ ಯಾಕೆ ಸಾಕ್ತೀರ ಸ್ವಾಮಿ?"

"ವದ್ದಪ್ಪಾ, ವದ್ದು," ಅಂತ ತೆಲುಗಲ್ಲೇ ಬೇಡ ಅಂದು ಚಪ್ಪಲಿ ಮೆಟ್ಟಿದ. ಟೈರಿನ ಕಡೆ ಕಣ್ಣೂ ಹಾಕಲಿಲ್ಲ.

ಗೌರಿಬಿದನೂರಿನದು ಒಳ್ಳೇ ಕಾರು. ಸೆಂಟಿಲ್ಲ, ಟೈರು ಹೊಸದು, ಸೀಟು ಮೆತ್ತಗೆ. ನಾನು ಮನಸ್ಸಲ್ಲೇ ಕೊಂಡುಬಿಟ್ಟಿದ್ದೆ. ಭಾವ ಇಂಜಿನ್ನು ಶುರು ಮಾಡಿಸಿ, ನನ್ನ ಪಕ್ಕ ಬಂದು ಕೂತು ಕಣ್ಣು ಮುಚ್ಚಿದ. ಎಷ್ಟು ಹೊತ್ತಾದರೂ ತೆಗೀಲಿಲ್ಲ. ಮಾಲೀಕ ಹೆದರಿ ನೀರು ತಂದ.

"ಏನು ಭಾವ, ಹೆಂಗೈತೆ?" ಅಂದೆ.

"ಹಸ್ಕೊಂಡೈತೆ."

ಮಾಲೀಕನಿಗೆ ಅವಮಾನ ಆಯ್ತು. ನಿನ್ನೆ ತಾನೇ ಪೆಟ್ರೋಲ್ ಹಾಕಿಸಿದ್ದೀನಿ ಅಂತ ಬಂಕಿನ ಚೀಟಿ ತೋರಿಸೋಕೆ ಬಂದ!

ವಾಪಸ್ಸು ಬರೋವಾಗ ಬಸ್ಸಲ್ಲೇ ಉಗಿದೆ. ಅಲ್ಲಿ ಅಕ್ಕನ ಕೈ ಬಿಗೀತಾ ಐತೆ, ನೀನು ಕಾರಿನ ಹೊಟ್ಟೆ ಹಸಿವು ನೋಡ್ತಾ ಕೂತಿದ್ದೀಯ ಅಂದೆ. ಆಮೇಲೆ ಇನ್ನೂ ಎಂಟು ಕಾರು ನೋಡಿದೆವು. ಅವುಗಳ ಕತೆ ಬೇಡ, ಎಲ್ಲವೂ ಹಸಿದಿದ್ದವು.

ಕೊನೇದು ಪೆರೇಸಂದ್ರದಲ್ಲಿ ಒಬ್ಬ ರಿಟೈರಾದ ಮೇಷ್ಟ್ರದು. ಒಂದು ವರ್ಷದಿಂದ ಹುಣಸೆ ಮರದ ಕೆಳಗೆ ನಿಂತಿತ್ತು, ವಾರಕ್ಕೊಂದು ಸಲ ಇಂಜಿನ್ನು ಶುರು ಮಾಡಿ ಆರಿಸೋರಂತೆ. ಬಣ್ಣ ಹೋಗಿತ್ತು, ಎಡಗಡೆ ಬಾಗಿಲು ತರಚಿತ್ತು, ಸೀಟು ಹಳ್ಳ ಬಿದ್ದಿತ್ತು. ಪುಕ್ಕಟೆ ಕೊಟ್ಟರೂ ನಾನು ತಗೊಳ್ತಿರಲಿಲ್ಲ. ಭಾವ ಇಂಜಿನ್ನು ಶುರು ಮಾಡಿ ಗಾಳಿ ಬೀಸೋ ಫ್ಯಾನಿನ ಗುಂಡಿ ಎರಡಕ್ಕೆ ತಿರುಗಿಸಿದ.

ಚರಚರ, ಚರಚರ.

ಮೇಷ್ಟ್ರು ನಾಚಿಕೊಂಡರು. ಹುಣಸೆ ಸೊಪ್ಪು ಉದುರಿ ಒಣಗಿ ಒಳಗಿನ ಫ್ಯಾನಿಗೆ ಸಿಕ್ಕಿಕೊಂಡಿದೆ, ಅರ್ಧ ಗಂಟೆ ಕೆಲಸ, ತೆಗೆಸಿಯೇ ಕೊಡ್ತೀನಿ ಅಂದರು.

"ಬೇಡಿ ಮೇಷ್ಟ್ರೆ," ಅಂದ ಭಾವ. ಕೈ ಗುಂಡಿಯ ಮೇಲೇ ಇತ್ತು. "ಅದನ್ನ ತೆಗೆಸೋದಾದ್ರೆ ನಂಗೆ ಈ ಕಾರು ಬೇಡ."

ತಲೆ ಕೆಟ್ಟಿದೆ ಇವನಿಗೆ ಅಂದುಕೊಂಡೆ. ಬೇಜಾರಿಗೆ ನಾನೂ ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ತಿಳೀತು.

ಅಕ್ಕನ ಮದುವೆಯಾದ ಹೊಸದರಲ್ಲಿ ನಾನು ಅವಳ ಮನೇಲೇ ಬಿದ್ದಿರ್ತಿದ್ದೆ. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಬಿಡುತ್ತವೆ. ಅದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದವು ಅಂದರೆ ಹಿಪ್ಪುನೇರಳೆ ಸೊಪ್ಪನ್ನ ರಾಕ್ಷಸರ ಹಂಗೆ ತಿನ್ನುತ್ತವೆ. ಮನೆ ತುಂಬ ಚರಚರ, ಹೆಂಚಿನ ಮೇಲೆ ತುಂತುರು ಮಳೆ ಬಿದ್ದಂಗೆ. ಮಧ್ಯಾಹ್ನ ಉಂಡು ನಾವು ಮೂವರೂ ಹುಳದ ತಟ್ಟೆಗಳ ಪಕ್ಕದಲ್ಲೇ ಉರುಳ್ಕೊಳ್ಳೋದು. ಸದ್ದು ಒಂಚೂರು ತೆಳ್ಳಗಾದರೆ ಸಾಕು, ನಿದ್ದೇಲೇ ಅಕ್ಕ ಹೇಳೋಳು, ಹುಳ ಹಸ್ಕೊಂಡವೆ, ಸೊಪ್ಪು ಹಾಕು ಅಂತ. ಭಾವ ಎದ್ದು ಹಾಕೋನು. ಹುಳ ಸಾಕೋದು ಬಿಟ್ಟು ಎರಡು ವರ್ಷ ಆಯ್ತು. ಆ ಮನೆ ಈಗ ಖಾಲಿ.

ಕಾರು ಬಾಗಿಲಿಗೆ ಬಂದ ದಿನ ಅಕ್ಕ ಉಹೂಂ ಅಂದಳು. ಒಂದು ಸಲ ಕೂತು ನೋಡು, ಬೇಡ ಅಂದ್ರೆ ಇಳಿಸ್ತೀನಿ ಅಂದ ಭಾವ. ನಾವಿಬ್ಬರೂ ಹಿಡಿದು ಕೂರಿಸಿದೆವು. ಹಳ್ಳ ಬಿದ್ದ ಸೀಟಲ್ಲಿ ಅವಳು ಸರಿಯಾಗಿ ಕೂತಳು, ಅವಳಿಗಂತಲೇ ಬಿದ್ದಿದ್ದ ಹಳ್ಳ. ಒಂದು ಸಲ ಮೂಗು ಅರಳಿಸಿ ನೋಡಿದಳು. ಬಾಡಿಗೆ ಕಾರಿನ ಹಂಗೆ ಸೆಂಟಿನ ವಾಸನೆ ಇಲ್ಲ, ವಾಂತಿ ಬರಲಿಲ್ಲ. ಭಾವ ಗಾಳಿ ಎರಡಕ್ಕೆ ಇಟ್ಟು ನಿಧಾನಕ್ಕೆ ಹೊರಟ.

ಊರು ದಾಟಿತು. ಅಕ್ಕ ಕಣ್ಣು ಮುಚ್ಚಿದ್ದಳು. ನಿದ್ದೆ ಅಂದುಕೊಂಡು ನಾನು ಅವಳ ಸೆರಗು ಸರಿ ಮಾಡೋಕೆ ಹೋದೆ. ಸೋಲದೆ ಉಳಿದಿದ್ದ ಎಡಗೈಯಲ್ಲಿ ನನ್ನ ಕೈ ತಡೆದಳು.

"ನಾಲ್ಕನೇ ಜ್ವರ ಎದ್ದವೆ," ಅಂದಳು. "ಸೊಪ್ಪು ಹಾಕು."

ಭಾವ ಹಿಂದೆ ತಿರುಗಲಿಲ್ಲ.

"ಹಾಕ್ದೆ ಕಣೇ," ಅಂದು, ಗುಂಡಿ ಮೂರಕ್ಕೆ ತಿರುಗಿಸಿದ.