ಹುಳಿಯ ಹತೋಟಿ ಮತ್ತು ಮಾವನ ಶಲ್ಯ

ಹುಮನಾಬಾದಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನಗೆ, ಇಸವಿ ಎರಡು ಸಾವಿರ ದಾಟಿ ಐದಾರು ವರ್ಷವಾಗಿದ್ದಾಗ, ಬಸವಕಲ್ಯಾಣದ ಶಾಲೆಯೊಂದರಿಂದ ಭಾಷಣಕ್ಕೆ ಕರೆ ಬಂತು. ವಿಷಯ ನನ್ನದೇ ಆಯ್ಕೆ: ಹುಳಿಯಿಂದ ಡಿಎನ್‌ಎ ಯಂತ್ರಗಳ ನಿಯಂತ್ರಣ! ಬಸವಕಲ್ಯಾಣ ನನ್ನ ಹೆಂಡತಿಯ ತವರು. ಬಟ್ಟೆ ಅಂಗಡಿಯ ಮಾವ ಮುಂದಿನ ಸಾಲಿನಲ್ಲೇ ಕೂರುವವರಿದ್ದರು. ಮದುವೆಯಾಗಿ ಆರು ವರ್ಷವಾದರೂ ಅವರು ನನಗೆ ಒಮ್ಮೆಯೂ ‘ಭೇಷ್’ ಅಂದಿರಲಿಲ್ಲ. ಅಂದು ಅನ್ನಿಸಿಯೇ ತೀರುವುದೆಂದು ಹೊರಟೆ.

“ಸುಮ್ನ ಭಾಷಣ ಮಾಡಿ ಬರ್ರಿ. ಆಟ ತೋರ್ಸಾಕ ಹೋಗಬ್ಯಾಡ್ರಿ,” ಎಂದಳು ಹೆಂಡತಿ.

“ಆಟ ಅಲ್ಲ, ಪ್ರಾತ್ಯಕ್ಷಿಕೆ!” ಎಂದೆ.

ಮಾವನ ಮನೆಯಲ್ಲಿಳಿದು, ಅತ್ತೆ ಬಿಡದೆ ಬಡಿಸಿದ ಏಳು ಹೋಳಿಗೆ ಉಂಡು, ಅಲ್ಲೇ ತುಸು ಹೊತ್ತು ಹೊಟ್ಟೆ ಸವರಿಕೊಂಡು, ಚೀಲ ಹಿಡಿದು ಹೋಗಿ ವೇದಿಕೆ ಏರಿದೆ. ಡಿಎನ್‌ಎ ಎಳೆಗಳನ್ನು ಜಾಣತನದಿಂದ ಹೆಣೆದರೆ ಅವೇ ಪುಟ್ಟ ಯಂತ್ರಗಳಾಗಿ ಹುಳಿಗೆ ಮಡಚಿಕೊಳ್ಳುತ್ತವೆ, ಕ್ಷಾರಕ್ಕೆ ಬಿಚ್ಚಿಕೊಳ್ಳುತ್ತವೆ ಎಂದು ವಿವರಿಸಿದೆ.

“ಕಣ್ಣಿಗಿ ಕಾಣದ್ದು ಹ್ಯಾಂಗ ನಂಬೂದ್ರಿ?” ಎಂದರು ಮಾವ.

ಈ ಪ್ರಶ್ನೆಗೇ ಕಾದಿದ್ದೆ! ಅವರ ಹೆಗಲ ಮೇಲಿನ ಹೊಸ ಬಿಳಿ ಶಲ್ಯ ಇಸಿದುಕೊಂಡು ಅರಿಶಿನದ ನೀರಿನಲ್ಲಿ ಅದ್ದಿದೆ. ಶಲ್ಯವೇ ಎಳೆ ಎಂದುಕೊಳ್ಳಿ, ಹಳದಿ ಎಂದರೆ ಎಳೆ ಮಡಚಿದೆ, ಕೆಂಪು ಎಂದರೆ ಬಿಚ್ಚಿದೆ ಎಂದು ಸಾರಿ, ಬಟ್ಟೆ ಒಗೆಯುವ ಸೋಡಾದ ನೀರು ಸುರಿದೆ. ಶಲ್ಯ ಕೆಂಪಾಯಿತು. ಚಪ್ಪಾಳೆಯೋ ಚಪ್ಪಾಳೆ!

“ನನ್ನ ಶಲ್ಯಾ!” ಎಂದರು ಮಾವ.

“ಗಾಬರಿ ಆಗಬ್ಯಾಡ್ರಿ ಮಾವ, ಈಗ ಹಳದಿ ಮಾಡ್ತೀನಿ.”

ಬಿಳಿ ಶಲ್ಯ ಕೊಟ್ಟವರಿಗೆ ಹಳದಿಯದು ಬೇಕಾಗಿರುವುದಿಲ್ಲ ಎಂಬ ಸಣ್ಣ ಸಂಗತಿ ನನ್ನ ವಿಜ್ಞಾನದ ತಲೆಗೆ ಹೊಳೆದಿರಲಿಲ್ಲ. ಚೀಲದಿಂದ ನಿಂಬೆ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ. ಬುಸ್ ಎಂದಿತು. ಸೆಕೆಗೆ ಇರಬೇಕೆಂದುಕೊಂಡು ಸುರಿದೆ. ಕೆಂಪು ಕದಲಲಿಲ್ಲ. ಬಾಟಲಿ ಖಾಲಿ ಮಾಡಿದೆ. ಕೆಂಪು ಹಾಗೇ ಇತ್ತು! ಹುಡುಗರು ಕಿಸಕಿಸ ನಗತೊಡಗಿದರು.

ಹೆಂಗಸರ ಸಾಲಿನಿಂದ ಅತ್ತೆ ಎದ್ದರು. “ಅಳಿಯಂದ್ರ, ಹೊಟ್ಟಿ ಉಬ್ಬರಸ್ಯಾದ ಅಂತ ಸವರಕೊಳ್ಳಾಕತ್ತಿದ್ರಿ. ಚೀಲದಾಗಿನ ನಿಂಬಿ ನೀರು ಕುಡ್ಯಾಕ ಇಟ್ಟೀರಿ ಅಂತ ತಿಳದು ಮನ್ಯಾಗ ಅದರಾಗ ನಾಕ ಚಮಚಿ ಅಡಿಗಿ ಸೋಡಾ ಹಾಕೀನ್ರಿ!”

“ಹಾಕಿದ್ರ ಏನಾಗ್ತದವ್ವಾ?” ಕೇಳಿದರು ಹೆಡ್‌ಮಾಸ್ತರರು.

“ಏನಾಗ್ತದ? ಹುಳಿ ಸಾಯ್ತದ. ಮೊದಲ ತೊಳೀಬೇಕು, ಆಮ್ಯಾಲ ಹೊಸಾ ಹುಳಿ ಹಿಂಡಬೇಕು.”

ಅತ್ತೆ ಮೇಲೆ ಬಂದು ಶಲ್ಯ ಜಾಲಿಸಿ, ಅತಿಥಿಗಳ ಶರಬತ್ತಿಗೆ ತಂದಿದ್ದ ನಿಂಬೆಹಣ್ಣು ಹಿಂಡಿದರು. ಹಳದಿ!

“ಭೇಷ್!” ಎಂದು ಕೂಗಿದ ಮಾವ, ತಮ್ಮ ಹೆಂಡತಿಗಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ನಿಂತೇ ತಟ್ಟಿದೆ. ಹೆಡ್‌ಮಾಸ್ತರರು ಅತ್ತೆಯನ್ನು ಕೂರಿಸಿದ್ದು ನನ್ನ ಕುರ್ಚಿಯಲ್ಲಿ.