ಕಡೇ ಸಾಲಿಗೂ ಕೇಳಿಸಿದ ನನ್ನ ಮಗಳ ಮಾತು

ಗುಬ್ಬಿ, ಜೂನ್ ೧೯೭೯

ಶಾಲೆಯ ನಾಟಕದ ಮೇಷ್ಟ್ರಾದ ಮಾನ್ಯ ವೆಂಕಟರಂಗಯ್ಯನವರ ಸನ್ನಿಧಾನಕ್ಕೆ, ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವ ಅಜ್ಮತುಲ್ಲಾ ಮಾಡುವ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣರೆಂದು ಊರಿಗೆಲ್ಲ ತಿಳಿಯಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮಾನ್ಯರೇ, ನನ್ನ ಮಗಳು ಸಲೀಮಾ ತಮ್ಮ ಕೈಗೆ ಸಿಗುವ ಮೊದಲು ಎಷ್ಟು ಒಳ್ಳೆಯ ಹುಡುಗಿಯಾಗಿದ್ದಳು! ಹಸಿವಾದರೂ ಬಾಯಿ ಬಿಡುತ್ತಿರಲಿಲ್ಲ. ಹಾಜರಿ ಕೂಗಿದರೆ ಪಕ್ಕದ ಹುಡುಗಿಯೇ ಇವಳ ಪರವಾಗಿ "ಪ್ರೆಸೆಂಟ್ ಸಾರ್" ಅನ್ನಬೇಕಿತ್ತು. ಇಂಥ ಮಗುವಿಗೆ ತಾವು ಮಂತ್ರಿಯ ಪಾರ್ಟು ಕೊಟ್ಟು, ತೆಂಗಿನ ನಾರಿನ ಮೀಸೆ ಅಂಟಿಸಿ, "ಕಡೇ ಸಾಲ್ನೋರ್ಗೂ ಕೇಳಿಸ್ಬೇಕು ಕಣಮ್ಮ" ಎಂದು ಕಲಿಸಿದಿರಿ. ನಾಟಕ ಮುಗಿದ ಮೇಲೆ ಮೀಸೆಯನ್ನೇನೋ ಕಿತ್ತೆವು. ದನಿಯನ್ನು ಕೀಳುವ ಉಪಾಯವನ್ನು ತಾವು ಹೇಳಿಕೊಡಲಿಲ್ಲ. ಈಗ ಅವಳು ಊಟಕ್ಕೆ ಕೂತು ಉಪ್ಪು ಕೇಳಿದರೆ ಮೈಲಿಗಟ್ಟಲೆ ದೂರದ ಕಡಬದ ಕೆರೆ ಏರಿಯ ಮೇಲಿದ್ದವರು ತಂದುಕೊಡಬೇಕು, ಹಾಗೆ ಕೇಳುತ್ತಾಳೆ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಏಳನೇ ಕ್ಲಾಸು ಮುಗಿಯಿತು, ಇನ್ನು ಓದು ಸಾಕು ಎಂದು ನಾನು ತೀರ್ಮಾನಿಸಿ, ಒಂದು ಸಂಜೆ ಜಗಲಿಯಲ್ಲಿ ಕೂತು, ಮನೆಯ ವಿಚಾರ ಮನೆಯಲ್ಲೇ ಇರಲೆಂದು ಮೆಲ್ಲಗೆ ಉರ್ದುವಿನಲ್ಲಿ ಅವಳಿಗೆ ಹೇಳಿದೆ. ಅವಳು ಎದ್ದು ನಿಂತು ತಾವು ಕಲಿಸಿದಂತೆಯೇ ಉಸಿರು ತುಂಬಿಕೊಂಡಳು. ಮನೆಯಲ್ಲಿ ಉರ್ದು ಬಿಟ್ಟು ಬೇರೆ ಆಡದ ಹುಡುಗಿ, ಬೀದಿಗೆಲ್ಲ ಅರ್ಥವಾಗಲೆಂದು ಕನ್ನಡಕ್ಕೆ ತಿರುಗಿದಳು! "ಅಬ್ಬಾ, ನಾನು ಹೈಸ್ಕೂಲ್ಗೆ ಹೋಗ್ತೀನಿ! ಯಾಕ್ ಕಳ್ಸಲ್ಲ, ಎಲ್ಲಾರ್ ಮುಂದೆ ಹೇಳಿ!"

ಅಯ್ಯೋ, ಏನೆಂದು ಹೇಳಲಿ! ಎದುರು ಮನೆಯ ಚಿಕ್ಕಗಂಗಮ್ಮ ಮೊರ ಹಿಡಿದೇ ಬಂದರು. ಸೈಕಲ್ ಶಾಪಿನ ಕದರಯ್ಯ ಪಂಪು ಹಿಡಿದೇ ಬಂದರು. ಗುಬ್ಬಿಯ ಜನಕ್ಕೆ ನಾಟಕ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಾತು ಹಿಡಿಸಿದರೆ ಮತ್ತೊಮ್ಮೆ ಆಡಿಸದೆ ಬಿಡುವವರೇ ಅಲ್ಲ. "ಒನ್ಸ್ ಮೋರ್!" ಎಂದು ಚಿಕ್ಕಗಂಗಮ್ಮನವರೇ ಕೂಗಿದರು. ಮಗಳು ಜಗಲಿಯ ತುದಿಗೆ ಬಂದು, ಜನರ ಕಡೆ ಮುಖ ಮಾಡಿ, ಇನ್ನೂ ಚೆನ್ನಾಗಿ ಹೇಳಿದಳು. ಚಪ್ಪಾಳೆ ಬಿತ್ತು. "ಈಗ ನಿಮ್ ಪಾರ್ಟು ಸಾಬ್ರೆ, ಹೇಳಿ ಮತ್ತೆ" ಎಂದರು ಕದರಯ್ಯ. ನನಗೆ ಯಾರೂ ಪಾರ್ಟು ಕಲಿಸಿರಲಿಲ್ಲವಲ್ಲ, ಮಾನ್ಯರೇ! ಎಷ್ಟು ತಡಕಾಡಿದರೂ ಒಂದು ಕಾರಣವೂ ಬಾಯಿಗೆ ಬರಲಿಲ್ಲ. "ಕಳಿಸ್ತೀನಿ" ಅಂದೆ. ಕಡೇ ಸಾಲಿಗೆ ಕೇಳಿಸಲಿಲ್ಲವಂತೆ; ನನಗೂ ಒನ್ಸ್ ಮೋರ್ ಬಿತ್ತು.

ಆದ್ದರಿಂದ ತಾವು ದಯಮಾಡಿ ಇನ್ನು ಮುಂದೆ ಮಕ್ಕಳಿಗೆ ಮೊದಲನೇ ಸಾಲಿಗೆ ಮಾತ್ರ ಕೇಳಿಸುವ ನಾಟಕಗಳನ್ನೇ ಕಲಿಸಬೇಕು. ಮಗಳು ಉಸಿರು ತುಂಬಿಕೊಂಡ ಕೂಡಲೇ ಅಪ್ಪ ಇಳಿಸಿಬಿಡಬಹುದಾದ ಪರದೆಯೊಂದನ್ನು ಪ್ರತಿ ಜಗಲಿಗೂ ಕಟ್ಟಿಸಬೇಕು. ಹಿಂದೆ ನಿಂತು ಮಾತು ಹೇಳಿಕೊಡುವ ಒಬ್ಬರನ್ನು ಪ್ರತಿ ತಂದೆಗೂ ಸರ್ಕಾರದಿಂದ ಮಂಜೂರು ಮಾಡಿಸಬೇಕು.

ನಿನ್ನೆ ಹೈಸ್ಕೂಲು ಶುರುವಾಯಿತು. ಅದು ಇರುವುದು ನನ್ನ ಅಂಗಡಿಯ ಹಿಂದೆಯೇ. ಹಾಜರಿಯ ಹೊತ್ತಿಗೆ ಯಾಕೋ ಸುತ್ತಿಗೆ ಕೆಳಗಿಟ್ಟು ಕೂತಿದ್ದೆ. "ಪ್ರೆಸೆಂಟ್ ಸಾರ್!" ಅಂತ ಕೇಳಿಸಿತು; ಪಕ್ಕದ ಹುಡುಗಿಯದಲ್ಲ, ನಮ್ಮವಳದೇ ದನಿ. ನನಗೆ ಅಳು ಬಂದುಬಿಟ್ಟಿತು. ಅದೂ ತಮ್ಮದೇ ತಪ್ಪು.

ತಮ್ಮಿಂದ ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಅಜ್ಮತುಲ್ಲಾ

ತಾ.ಕ.: ಈ ಪತ್ರವನ್ನು ಸಲೀಮಾ ತನ್ನ ತಾಯಿಗೆ ಓದಿ ಹೇಳಿದಳು, ಹೀಗಾಗಿ ಬೀದಿಗೂ ಓದಿ ಹೇಳಿದಂತಾಯಿತು. ದೊಡ್ಡ ಹೆಂಗಸರಿಗೂ ತಾವು ನಾಟಕ ಕಲಿಸುವಿರಾ ಎಂದು ನನ್ನ ಹೆಂಡತಿ ತಾಜುನ್ನೀಸಾ ಆಗಿನಿಂದ ಕೇಳುತ್ತಿದ್ದಾಳೆ. ಜಾಗ ಖಾಲಿಯಿಲ್ಲವೆಂದು ಮರುಟಪಾಲಿಗೇ ಬರೆಯಿರಿ. ದಯವಿಟ್ಟು ಬಂದು ಹೇಳಬೇಡಿ, ತಮ್ಮ ದನಿಯೂ ನಮ್ಮ ಅಡುಗೆಮನೆಯವರೆಗೆ ಕೇಳಿಸುತ್ತದೆ.